ದುಬೈ ಬಿಟ್ಟು ಟಿಬಿಲಿಸಿಯಲ್ಲಿ ಮನೆ ಮಾಡಬಹುದೇ?

ಪ್ರಶ್ನೆ: ಹಾಸನ ನಮ್ಮ ಊರು. ಒಂಬತ್ತು ವರ್ಷಗಳಿಂದ ದುಬೈಯಲ್ಲಿದ್ದೇನೆ. ಈಗ ಯುರೋಪಿನ ಗ್ರಾಹಕರಿಗೆ ಮನೆಯಿಂದಲೇ ಸಾಫ್ಟ್‌ವೇರ್ ಕೆಲಸ ಮಾಡಿಕೊಡುತ್ತೇನೆ. ಗಳಿಕೆಯ ಬಹುಪಾಲು ಬಾಡಿಗೆಗೇ ಹೋಗುತ್ತಿದೆ. ನಾಲ್ಕು ವರ್ಷದ ಮಗಳನ್ನು ಮುಂದಿನ ವರ್ಷ ಶಾಲೆಗೆ ಸೇರಿಸಬೇಕು. ರಜೆಗೆಂದು ಹೋಗಿದ್ದ ಜಾರ್ಜಿಯಾದ ರಾಜಧಾನಿ ಟಿಬಿಲಿಸಿ ನಮಗೆ ಬಹಳ ಹಿಡಿಸಿತು. ಅಲ್ಲಿ ಖರ್ಚು ಕಡಿಮೆ, ತೆರಿಗೆ ಶೇ 1 ಮಾತ್ರ ಎನ್ನುತ್ತಾರೆ. ಆದರೆ ಪ್ರತಿಭಟನೆಗಳ ಸುದ್ದಿ ನೋಡಿ ಪತ್ನಿ ಹಿಂಜರಿಯುತ್ತಿದ್ದಾರೆ. ಹೋಗಬಹುದೇ?

ಉತ್ತರ: ನಿಮ್ಮ ಪತ್ನಿಗೆ ಬೀದಿಯ ಭಯ. ನನಗೆ ಭಯವಿರುವುದು ನಿಮ್ಮ ಕಾಗದಪತ್ರಗಳ ಬಗ್ಗೆ.

ಐರೋಪ್ಯ ಒಕ್ಕೂಟ ಸೇರುವ ಮಾತುಕತೆಯನ್ನು 2028ರ ಕೊನೆಯವರೆಗೆ ಕೈಗೆತ್ತಿಕೊಳ್ಳುವುದಿಲ್ಲ ಎಂದು ಪ್ರಧಾನಿ ಇರಾಕ್ಲಿ ಕೊಬಾಖಿದ್ಜೆ ಘೋಷಿಸಿದ್ದು 2024ರ ನವೆಂಬರ್ 28ರಂದು. ಅದಕ್ಕೆ ಒಂದು ತಿಂಗಳ ಹಿಂದಿನ ಚುನಾವಣೆಯ ಫಲಿತಾಂಶವನ್ನೇ ವಿರೋಧ ಪಕ್ಷಗಳು ಒಪ್ಪಿರಲಿಲ್ಲ. ಆ ರಾತ್ರಿಯಿಂದ ರುಸ್ತಾವೇಲಿ ರಸ್ತೆಯ ಸಂಸತ್ ಭವನದ ಮುಂದೆ ಜನ ಸೇರತೊಡಗಿದರು. ಮೊದಲ ವಾರಗಳಲ್ಲಿ ಜಲಫಿರಂಗಿ, ಅಶ್ರುವಾಯು ಎಲ್ಲವೂ ನಡೆದವು. ಆದರೂ ಅದೇ ಹೊತ್ತಿನಲ್ಲಿ ಸಬುರ್ತಾಲೊ, ವಾಕೆ ಬಡಾವಣೆಗಳಲ್ಲಿ ಜನ ಮಣ್ಣಿನ ಒಲೆಯ ಬಿಸಿ ರೊಟ್ಟಿ ಕೊಂಡು ಮನೆಗೆ ಹೋಗುತ್ತಿದ್ದರು. ನೀವು ಆ ಗುಂಪಿನ ಹತ್ತಿರ ಹೋಗಬೇಡಿ, ಫೋಟೊ ತೆಗೆಯಲು ಕೂಡ. ರಸ್ತೆ ತಡೆಗೆ ದಂಡವನ್ನು 2025ರಲ್ಲಿ 5,000 ಲಾರಿಗೆ (ಲಾರಿ ಜಾರ್ಜಿಯಾದ ಹಣ) ಏರಿಸಲಾಯಿತು; ಅದೇ ವರ್ಷದ ಅಕ್ಟೋಬರ್‌ನಲ್ಲಿ ದಂಡದ ಬದಲು ಬಂಧನದ ಶಿಕ್ಷೆ ಬಂತು. ವಿದೇಶಿಯರಿಗೆ ಶಿಕ್ಷೆಯ ಜೊತೆಗೆ ವಾಸದ ಹಕ್ಕನ್ನೂ ಕಳೆದುಕೊಳ್ಳುವ ಅಪಾಯವಿದೆ. ಬೀದಿಗಿಳಿದವರಿಗೆ ಅದು ತಮ್ಮ ಮಕ್ಕಳ ದೇಶದ ಪ್ರಶ್ನೆ. ನೆರೆಮನೆಯವರು ಹೇಳಿಕೊಂಡರೆ ಗೌರವದಿಂದ ಕೇಳಿಸಿಕೊಳ್ಳಿ, ತೀರ್ಪು ಕೊಡಬೇಡಿ.

ಇನ್ನು ಕಾಗದಪತ್ರ. ನೀವು ರಜೆಗೆ ವೀಸಾ ಇಲ್ಲದೆ ಹೋಗಿಬಂದದ್ದು ಯುಎಇ ನಿವಾಸ ಪರವಾನಗಿಯ ಬಲದಿಂದ, ಅದೂ 180 ದಿನಗಳಲ್ಲಿ 90 ದಿನ ಮಾತ್ರ. ದುಬೈ ಪರವಾನಗಿ ರದ್ದಾದ ದಿನವೇ ಆ ಬಾಗಿಲು ಮುಚ್ಚುತ್ತದೆ. ಆಮೇಲೆ ನೀವು ವೀಸಾ ಬೇಕಾದ ಭಾರತೀಯ ಪ್ರಜೆ. ಅನೇಕರು ಎಡವುವುದು ಇಲ್ಲೇ. ಶೇ 1ರ ತೆರಿಗೆ ನಿಜ, ಆದರೆ ವರ್ಷಕ್ಕೆ 5 ಲಕ್ಷ ಲಾರಿವರೆಗಿನ ವಹಿವಾಟಿರುವ ಸಣ್ಣ ಉದ್ಯಮಿಗೆ ಮಾತ್ರ. ಸಲಹಾ ಸೇವೆ ಅದರಲ್ಲಿ ಸೇರುವುದಿಲ್ಲ. ಬಿಲ್ಲಿನಲ್ಲಿ ನಿಮ್ಮ ಕೆಲಸವನ್ನು ಏನೆಂದು ಬರೆಯುತ್ತೀರಿ ಎಂಬುದು ದೊಡ್ಡ ವಿಷಯ. ಸ್ವಂತ ಉದ್ಯಮದ ವಿದೇಶಿಯರಿಗೂ 2026ರ ಮಾರ್ಚ್‌ನಿಂದ ಕೆಲಸದ ಪರವಾನಗಿ ಬೇಕೆಂಬ ಕಾನೂನೂ ಬಂದಿದೆ. ಅಲ್ಲಿನ ವಕೀಲರೊಬ್ಬರಿಗೆ ಶುಲ್ಕ ಕೊಟ್ಟು ಇದನ್ನೆಲ್ಲ ಬರವಣಿಗೆಯಲ್ಲಿ ಪಡೆಯಿರಿ.

ಅಗ್ಗವೆನ್ನುವುದನ್ನೂ ರಾಜಕೀಯದಿಂದ ಬೇರ್ಪಡಿಸಿ ನೋಡಬೇಡಿ. 2022ರಲ್ಲಿ ಉಕ್ರೇನ್ ಯುದ್ಧ ಶುರುವಾದಾಗ ರಷ್ಯನ್ನರು ದೊಡ್ಡ ಸಂಖ್ಯೆಯಲ್ಲಿ ಟಿಬಿಲಿಸಿಗೆ ಬಂದರು. ಕೆಲವೇ ತಿಂಗಳಲ್ಲಿ ಬಾಡಿಗೆ ವಿಪರೀತ ಏರಿ, ಊರಿನ ವಿದ್ಯಾರ್ಥಿಗಳೇ ಮನೆ ಖಾಲಿ ಮಾಡಬೇಕಾಯಿತು. ಹೆಚ್ಚಿನ ಮಾಲೀಕರು ಬಾಡಿಗೆ ಹೇಳುವುದು ಡಾಲರಿನಲ್ಲಿ. ಒಂದು ವರ್ಷದ ಲಿಖಿತ ಕರಾರಿಲ್ಲದೆ ಮುಂಗಡ ಕೊಡಬೇಡಿ. ಹಳೆಯ ಸೋವಿಯತ್ ಕಾಲದ ಮನೆಯಾದರೆ ಗ್ಯಾಸ್ ಹೀಟರಿನ ಹೊಗೆ ಹೊರಹೋಗುವ ಕೊಳವೆಯನ್ನು ನೀವೇ ಪರೀಕ್ಷಿಸಿ. 2024ರ ಡಿಸೆಂಬರ್‌ನಲ್ಲಿ ಅಲ್ಲಿನ ಹಿಮಕ್ರೀಡೆಯ ಗಿರಿಧಾಮ ಗುದೌರಿಯಲ್ಲಿ ಹನ್ನೊಂದು ಭಾರತೀಯರು ವಿಷಾನಿಲದಿಂದ ಸತ್ತದ್ದನ್ನು ನಾನು ಮರೆತಿಲ್ಲ.

ಲೆಕ್ಕ ತಲೆಕೆಳಗಾಗುವುದು ಮಗಳ ಶಾಲೆಯಲ್ಲಿ. ಸರ್ಕಾರಿ ಶಾಲೆಯಲ್ಲಿ ಕಲಿಕೆ ಜಾರ್ಜಿಯನ್ ಭಾಷೆಯಲ್ಲಿ, ಅದರದೇ 33 ಅಕ್ಷರಗಳ ಲಿಪಿಯಲ್ಲಿ. ನಾಲ್ಕರ ಮಗು ಅದನ್ನು ನೀರು ಕುಡಿದಂತೆ ಕಲಿತೀತು. ಆದರೆ ಎರಡೇ ವರ್ಷದಲ್ಲಿ ನೀವು ಹೊರಡಬೇಕಾದರೆ ಆ ಕಲಿಕೆಯನ್ನು ಮುಂದುವರಿಸಲು ಹಾಸನದಲ್ಲಾಗಲಿ ದುಬೈಯಲ್ಲಾಗಲಿ ಶಾಲೆ ಇಲ್ಲ. ಅಂತರರಾಷ್ಟ್ರೀಯ ಶಾಲೆಯ ಶುಲ್ಕವೋ, ಬಾಡಿಗೆಯಲ್ಲಿ ಉಳಿಸಿದ್ದನ್ನು ನುಂಗಬಲ್ಲದು. ಬಾಡಿಗೆಗಿಂತ ಮೊದಲು ಅದನ್ನು ವಿಚಾರಿಸಿ.

ಹೋಗಲೇಬೇಡಿ ಎನ್ನುವುದಿಲ್ಲ. ದುಬೈ ಪರವಾನಗಿ ಊರ್ಜಿತವಿರುವಾಗಲೇ ಜನವರಿ, ಫೆಬ್ರುವರಿಯ ಚಳಿಯಲ್ಲಿ ಮೂವರೂ ಹೋಗಿ ಸಬುರ್ತಾಲೊದಲ್ಲಿ ಎರಡು ತಿಂಗಳು ಇದ್ದು ನೋಡಿ. ಭಾರತೀಯ ವಿದ್ಯಾರ್ಥಿಗಳು ಹೆಚ್ಚಿರುವುದರಿಂದ ಅಕ್ಕಿ, ಬೇಳೆ, ಮಸಾಲೆಗೆ ಅಲ್ಲಿ ತೊಂದರೆಯಿಲ್ಲ. ಶಾಲೆಗಳನ್ನು ನೋಡಲು ಪತ್ನಿಯೇ ಮುಂದಾಗಲಿ, ಕೊನೆಯ ಮಾತೂ ಅವರದಾಗಲಿ. ಅಲ್ಲಿಯವರೆಗೆ ದುಬೈ ಮನೆಯ ಬೀಗದ ಕೈಯನ್ನು ಮಾಲೀಕರಿಗೆ ಹಿಂದಿರುಗಿಸಬೇಡಿ.