ಪ್ರತಿಕ್ರಿಯೆ: ಅಜ್ಜನ ಮಡಚುವ ಚಾಕು ಬಿಚ್ಚುತ್ತಿಲ್ಲ
ಅಜ್ಜನ ಕೊಂಬಿನ ಹಿಡಿಯ ಚಾಕು ತುಕ್ಕು ಹಿಡಿದು ಬಿಚ್ಚೋಕೇ ಆಗ್ತಿಲ್ಲ, ಸಾಣೆ ಹಿಡಿಯುವವರಿಗೆ ಕೊಡಲಾ ಅಂತ ಕೇಳಿದ್ದೀರಿ. ಬೇಡ ಸರ್. ಚಕ್ರಕ್ಕೆ ಒತ್ತಿ ಹಿಡಿದರೆ ಅಲಗು ಕಾದು ಅಂಚು ನೀಲಿಗಟ್ಟುತ್ತೆ. ಅಲ್ಲಿಗೆ ಉಕ್ಕಿನ ಹದ ಹೋಯ್ತು, ಆಮೇಲೆ ಎಷ್ಟು ಮಸೆದರೂ ಹರಿತ ನಿಲ್ಲಲ್ಲ. ನನ್ನದೊಂದು ಹಾಗೇ ಹಾಳಾಯ್ತು.

ಅಲಗು ತಿರುಗುವ ಮೊಳೆಯ (ರಿವಿಟ್) ಸಂದಿಗೆ ಹೊಲಿಗೆ ಮೆಷಿನ್ ಎಣ್ಣೆ ನಾಲ್ಕು ಹನಿ ಹಾಕಿ ರಾತ್ರಿಯಿಡೀ ಬಿಡಿ. ಇಡೀ ಚಾಕುವನ್ನು ಸೀಮೆಎಣ್ಣೆಯಲ್ಲಿ ಮುಳುಗಿಸಬೇಡಿ. ಬೆಳಿಗ್ಗೆ ಉಗುರು ಹಾಕಿ ಎಳೆಯದೆ, ಅಲಗಿಗೆ ದಪ್ಪ ಬಟ್ಟೆ ಸುತ್ತಿ ಸ್ವಲ್ಪ ಸ್ವಲ್ಪವೇ ಆಡಿಸಿ. ಕಂದು ಕೆಸರಿನ ಹಾಗೆ ತುಕ್ಕು ಹೊರಬರುತ್ತೆ. ಒರೆಸಿ, ಮತ್ತೆ ಎಣ್ಣೆ. ಅಲಗಿಗೆ 600 ನಂಬರಿನ ವಾಟರ್ ಪೇಪರ್ (ನುಣುಪು ಉಜ್ಜುಕಾಗದ) ಉಜ್ಜಿ, ಅದೂ ಎಣ್ಣೆ ಹಚ್ಚಿ. ಕೆಂಪು ಹೋದರೆ ಸಾಕು, ಬೂದು ಕಲೆ ಇರಲಿ, ಅದೇ ಅದರ ಚಂದ. ಕೊನೆಗೆ ಸಾಣೆಕಲ್ಲಿನ ಮೇಲೆ ಸುಮಾರು 20 ಡಿಗ್ರಿ ಓರೆಯಲ್ಲಿ ಕೈಯಿಂದಲೇ ಮಸೆಯಿರಿ.