ಮಾಸ್ಟೆಕ್ಟಮಿ ಆದ ಮೇಲೆ ಕೈ ಆಡಿಸಬಹುದಾ?

ಸ್ತನ ತೆಗೆಯುವ ಆಪರೇಷನ್ ಬಗ್ಗೆ ಬಂದ ಮೂರು ಪ್ರಶ್ನೆಗಳಿಗೆ ಈ ಸಲ ತಜ್ಞರು ಉತ್ತರಿಸಿದ್ದಾರೆ.

ಪ್ರಶ್ನೆ: ಇನ್ನು ಹತ್ತು ದಿನಕ್ಕೆ ನನ್ನ ಎಡ ಸ್ತನ ಪೂರ್ತಿ ತೆಗೆಯುತ್ತಾರೆ. ಕಂಕುಳಿನ ಗ್ರಂಥಿಗಳನ್ನೂ ತೆಗೆಯಬೇಕು ಅಂದಿದ್ದಾರೆ. ಮನೆಯಲ್ಲಿ ನಾವು ಗಂಡ ಹೆಂಡತಿ ಇಬ್ಬರೇ. ಏನೇನು ತಯಾರಿ ಮಾಡಿಟ್ಟುಕೊಳ್ಳಲಿ? ನನ್ನ ಕೆಲಸ ನಾನೇ ಮಾಡಿಕೊಳ್ಳಲು ಎಷ್ಟು ದಿನ ಬೇಕು?

ಉತ್ತರ: ಮೊದಲು ಮನೆಯೊಳಗೆ ಒಂದು ಸುತ್ತು ಹಾಕಿ. ದಿನವೂ ಬೇಕಾಗುವ ಸಾಮಾನು ಮೇಲಿನ ಕಪಾಟಿನಲ್ಲಿದ್ದರೆ ಸೊಂಟದ ಎತ್ತರಕ್ಕೆ ಇಳಿಸಿಡಿ. ದೊಡ್ಡ ಡಬ್ಬಿಯಲ್ಲಿರುವುದನ್ನು ಚಿಕ್ಕ ಡಬ್ಬಿಗೆ ಹಾಕಿಡಿ. ತಲೆಯ ಮೇಲಿಂದ ಹಾಕಿಕೊಳ್ಳುವ ಬಟ್ಟೆ ಕೆಲವು ವಾರ ಕಷ್ಟ. ಮುಂದೆ ಗುಂಡಿ ಇರುವ ಸಡಿಲ ಅಂಗಿ ಮೂರು ನಾಲ್ಕು ಇರಲಿ. ಗಾಯದೊಳಗಿನ ನೀರು ಹೊರಬರಲು ಒಂದು ಟ್ಯೂಬ್ ಹಾಕಿ, ಅದರ ತುದಿಗೆ ಹೀರುವ ಬಲ್ಬ್ ಸೇರಿಸಿರುತ್ತಾರೆ, ಇದೇ ಡ್ರೈನ್. ಅಂಗಿಯ ಒಳಬದಿಗೆ ಜೇಬು ಹೊಲಿಸಿಕೊಂಡರೆ ಡ್ರೈನ್‌ನ ಬಲ್ಬ್ ಅದರಲ್ಲೇ ಇಟ್ಟುಕೊಳ್ಳಬಹುದು. ಮೆತ್ತನೆಯ ಚಿಕ್ಕ ದಿಂಬು ಎರಡು ಬೇಕು. ಒಂದು ಮಲಗಿದಾಗ ತೋಳಿನ ಕೆಳಗೆ, ಇನ್ನೊಂದು ಕಾರಿನಲ್ಲಿ ಬರುವಾಗ ಸೀಟ್ ಬೆಲ್ಟ್ ಎದೆಗೆ ಒತ್ತದ ಹಾಗೆ ಇಡಲು.

ನೀವು ತೆಗೆದುಕೊಳ್ಳುವ ಮಾತ್ರೆಗಳನ್ನೆಲ್ಲ ಬರೆದುಕೊಂಡು ಹೋಗಿ ಡಾಕ್ಟರಿಗೆ ತೋರಿಸಿ. ರಕ್ತ ತೆಳುವಾಗಿಸುವ ಮಾತ್ರೆ, ಶುಗರ್ ಮಾತ್ರೆ, ಗಿಡಮೂಲಿಕೆ ಔಷಧಿ, ವಿಟಮಿನ್ ಯಾವುದನ್ನೂ ಬರೆಯದೆ ಬಿಡಬೇಡಿ. ಯಾವುದನ್ನು ಯಾವಾಗ ನಿಲ್ಲಿಸಬೇಕು ಅನ್ನುವುದನ್ನು ಅವರೇ ಹೇಳಲಿ. ತಂಬಾಕಿನ ಅಭ್ಯಾಸ ಇದ್ದರೆ ಇವತ್ತೇ ಬಿಡಿ. ನಿಕೋಟಿನ್‌ನಿಂದ ಚರ್ಮಕ್ಕೆ ಹೋಗುವ ರಕ್ತ ಕಡಿಮೆಯಾಗುತ್ತದೆ, ಗಾಯ ಮಾಯುವುದು ತಡವಾಗುತ್ತದೆ.

ಇನ್ನೆರಡು ಕೆಲಸ ಜಾಸ್ತಿ ಜನಕ್ಕೆ ಹೊಳೆಯುವುದೇ ಇಲ್ಲ. ಆಪರೇಷನ್‌ಗೆ ಮೊದಲೇ ಎರಡೂ ತೋಳಿನ ಸುತ್ತಳತೆ ತೆಗೆಸಿ ಬರೆಸಿಕೊಳ್ಳಿ. ಕಂಕುಳಿನ ಗ್ರಂಥಿ ತೆಗೆದ ಮೇಲೆ ಕೆಲವರಿಗೆ ಆ ಕೈಯಲ್ಲಿ ನೀರು ತುಂಬಿ ಬಾವು ಬರುತ್ತದೆ. ಇದನ್ನು ಲಿಂಫೆಡಿಮಾ ಅನ್ನುತ್ತಾರೆ. ಹಳೆಯ ಅಳತೆ ಇದ್ದರೆ ಬಾವು ಸಣ್ಣದಿರುವಾಗಲೇ ಗೊತ್ತಾಗುತ್ತದೆ. ಎರಡನೆಯದು, ಭುಜದ ವ್ಯಾಯಾಮವನ್ನು ಈಗಲೇ ಕಲಿತುಬಿಡಿ. ನೋವಿಲ್ಲದಾಗ ಕಲಿತದ್ದು ನೋವಿನಲ್ಲೂ ಕೈಗೆ ಬರುತ್ತದೆ.

ಸ್ತನವನ್ನು ಮತ್ತೆ ರೂಪಿಸುವ ಪುನರ್ನಿರ್ಮಾಣದ ಆಪರೇಷನ್ ಜೊತೆಗಿಲ್ಲದಿದ್ದರೆ ಸಾಮಾನ್ಯವಾಗಿ ಒಂದೆರಡು ದಿನದಲ್ಲಿ ಮನೆಗೆ ಕಳಿಸುತ್ತಾರೆ. ಊಟ ಮಾಡುವುದು, ಹಲ್ಲುಜ್ಜುವುದು, ಮನೆಯೊಳಗೆ ಓಡಾಡುವುದು ಮೊದಲ ದಿನದಿಂದಲೇ ನಿಮ್ಮ ಕೆಲಸ. ತುಂಬಿದ ಬಕೆಟ್, ಭಾರದ ಚೀಲ ಎತ್ತಲು ಮಾತ್ರ 4ರಿಂದ 6 ವಾರ ಕಾಯಿರಿ. ಸುಸ್ತು ಅದಕ್ಕಿಂತ ಹೆಚ್ಚು ದಿನ ಇರಬಹುದು. ಡ್ರೈನ್ ಖಾಲಿ ಮಾಡುವುದನ್ನು ನರ್ಸ್ ತೋರಿಸುವಾಗ ನಿಮ್ಮ ಯಜಮಾನರೂ ಪಕ್ಕದಲ್ಲಿರಲಿ. ರಾತ್ರಿ ಏನಾದರೂ ಆದರೆ ಯಾರಿಗೆ ಫೋನ್ ಮಾಡಬೇಕು ಅನ್ನುವುದನ್ನು ಬರೆಸಿಕೊಂಡೇ ಆಸ್ಪತ್ರೆಯಿಂದ ಹೊರಡಿ.

ಪ್ರಶ್ನೆ: ಅಮ್ಮನಿಗೆ ಆಪರೇಷನ್ ಆಗಿ ಐದು ದಿನ. ಡ್ರೈನ್‌ನಲ್ಲಿ ನಿನ್ನೆ 60 ಎಂಎಲ್ ಬಂತು, ಇವತ್ತು 45. ಟ್ಯೂಬ್ ಒಳಗೆ ಕೆಂಪು ಎಳೆಗಳು ಕಾಣುತ್ತವೆ, ಹೆದರಿಕೆ ಆಗುತ್ತದೆ. ಹೊಲಿಗೆ ಬಿಚ್ಚಿಹೋಗುತ್ತೆ ಅಂತ ಅಮ್ಮ ಕೈಯನ್ನೇ ಅಲ್ಲಾಡಿಸುವುದಿಲ್ಲ. ನಾನೂ ಸುಮ್ನೆ ಬಿಟ್ಟಿದ್ದೇನೆ. ಸರೀನಾ?

ಉತ್ತರ: ಡ್ರೈನ್ ಬಗ್ಗೆ ಸಮಾಧಾನವಾಗಿರಿ, ಆಗಬೇಕಾದ ಹಾಗೇ ಆಗುತ್ತಿದೆ. ಒಳಗಿನ ನೀರು ಮೊದಲು ಕೆಂಪಗಿದ್ದು, ಆಮೇಲೆ ಗುಲಾಬಿಗೆ ತಿರುಗಿ, ಕೊನೆಗೆ ತಿಳಿ ಹಳದಿ ಆಗುತ್ತದೆ. ಆ ಎಳೆಗಳು ಹೆಪ್ಪುಗಟ್ಟಿದ ರಕ್ತ. ಕೈ ತೊಳೆದುಕೊಂಡು, ಚರ್ಮದ ಹತ್ತಿರ ಟ್ಯೂಬನ್ನು ಒಂದು ಕೈಯಲ್ಲಿ ಗಟ್ಟಿಯಾಗಿ ಹಿಡಿಯಿರಿ. ಇನ್ನೊಂದು ಕೈಯ ಬೆರಳುಗಳಿಂದ ಒತ್ತುತ್ತಾ ಬಲ್ಬ್ ಕಡೆಗೆ ಜಾರಿಸಿ. ದಿನಕ್ಕೆ ಎರಡು ಮೂರು ಸಲ ಖಾಲಿ ಮಾಡಿ, ಅಳತೆ ಬರೆದಿಡಿ. ಬಲ್ಬನ್ನು ಪೂರ್ತಿ ಹಿಸುಕಿ ಹಿಡಿದುಕೊಂಡೇ ಮುಚ್ಚಳ ಹಾಕಬೇಕು. ಅದು ಉಬ್ಬಿಕೊಂಡಿದ್ದರೆ ಎಳೆಯುತ್ತಿಲ್ಲ ಎಂದೇ ಅರ್ಥ. 24 ಗಂಟೆಯ ಒಟ್ಟು ಲೆಕ್ಕ 30 ಎಂಎಲ್‌ಗಿಂತ ಕೆಳಗೆ ಬಂದರೆ ಸಾಮಾನ್ಯವಾಗಿ ತೆಗೆಯುತ್ತಾರೆ. ಕೆಲವು ಡಾಕ್ಟರು 20ಕ್ಕೆ ಇಳಿಯಲಿ ಅನ್ನುತ್ತಾರೆ. ತೆಗೆದ ಮೇಲೆ ಅಲ್ಲಿ ಸ್ವಲ್ಪ ನೀರು ತುಂಬಿಕೊಳ್ಳಬಹುದು. ಜಾಸ್ತಿಯಾದರೆ ಸೂಜಿಯಿಂದ ತೆಗೆಯುತ್ತಾರೆ.

ಬಲ್ಬ್ ಬೇಗಬೇಗ ಕಡುಕೆಂಪು ರಕ್ತದಿಂದ ತುಂಬಿದರೆ, ಎದೆ ಇದ್ದಕ್ಕಿದ್ದಂತೆ ಊದಿ ಬಿಗಿದರೆ ಆಗಲೇ ಆಸ್ಪತ್ರೆಗೆ ಫೋನ್ ಮಾಡಿ. ಜ್ವರ 38 ಡಿಗ್ರಿ ಸೆಲ್ಸಿಯಸ್ ದಾಟಿದರೆ, ಗಾಯದ ಸುತ್ತ ಕೆಂಪು ಹರಡಿದರೆ, ಕೀವು ಬಂದರೆ ಅದೇ ದಿನ ತೋರಿಸಿ. ಉಸಿರು ಕಟ್ಟಿದರೆ ಅಥವಾ ಒಂದೇ ಕಾಲಿನ ಮೀನಖಂಡ ಊದಿ ನೋವು ಬಂದರೆ ನೇರ ಎಮರ್ಜೆನ್ಸಿಗೆ ಹೋಗಿ.

ಕೈಯನ್ನು ಮಾತ್ರ ಹಾಗೆ ಬಿಡಬೇಡಿ. ಮನೆಯಲ್ಲಿ ಆರೈಕೆ ಮಾಡುವವರು ಪ್ರೀತಿಯಿಂದಲೇ ಮಾಡುವ ಕೆಡುಕು ಇದು. "ಅಲ್ಲಾಡಬೇಡ, ನಾನು ಮಾಡ್ತೀನಿ" ಅನ್ನುತ್ತಾ ಎರಡು ವಾರ ಕಳೆದರೆ ಭುಜ ಬಿಗಿದುಕೊಳ್ಳುತ್ತದೆ. ಆಮೇಲೆ ಸಡಿಲಿಸಲು ತಿಂಗಳುಗಳೇ ಬೇಕಾಗಬಹುದು. ಮುಂದೆ ರೇಡಿಯೇಶನ್ ಕೊಡಬೇಕಾದರೆ ಆ ಕೈಯನ್ನು ತಲೆಯ ಮೇಲೆ ಇಟ್ಟುಕೊಂಡು ಅಲ್ಲಾಡದೆ ಮಲಗಬೇಕು. ಭುಜ ಬಿಗಿದವರಿಗೆ ಅದು ಆಗುವುದಿಲ್ಲ.

ಹದವಾಗಿ ಆಡಿಸಿದರೆ ಹೊಲಿಗೆ ಬಿಚ್ಚುವುದಿಲ್ಲ, ಇದನ್ನು ಅಮ್ಮನಿಗೆ ಧೈರ್ಯವಾಗಿ ಹೇಳಿ. ಈಗ ಮುಷ್ಟಿ ಕಟ್ಟಿ ಬಿಡುವುದು, ಮೊಣಕೈ ಮಡಚುವುದು, ಭುಜ ತಿರುಗಿಸುವುದು ಸಾಕು. ಡ್ರೈನ್ ಇರುವವರೆಗೆ ಕೈ ಭುಜದ ಮಟ್ಟಕ್ಕಿಂತ ಮೇಲೆ ಹೋಗದಿರಲಿ. ಡ್ರೈನ್ ತೆಗೆದು ಡಾಕ್ಟರ್ ಹೂಂ ಅಂದ ಮೇಲೆ ಗೋಡೆಗೆ ಎದುರಾಗಿ ನಿಂತು ಬೆರಳುಗಳನ್ನು ನಿಧಾನಕ್ಕೆ ಮೇಲೆ ಹತ್ತಿಸಲಿ. ಮುಟ್ಟಿದ ಎತ್ತರಕ್ಕೆ ಪೆನ್ಸಿಲ್ ಗುರುತು ಹಾಕಿ. ಎಳೆದಂತಾದರೆ ಪರವಾಗಿಲ್ಲ, ಚುಚ್ಚುವ ನೋವು ಬಂದರೆ ಅಲ್ಲೇ ನಿಲ್ಲಿಸಲಿ. ನೋವಿನ ಮಾತ್ರೆ ತೆಗೆದುಕೊಂಡು ಅರ್ಧ ಗಂಟೆಯ ಮೇಲೆ ಮಾಡಿದರೆ ಸುಲಭ. ಸ್ತನದ ಪುನರ್ನಿರ್ಮಾಣವೂ ಆಗಿದ್ದರೆ ಮಾತ್ರ ಈ ಲೆಕ್ಕ ಬೇರೆ, ಆಪರೇಷನ್ ಮಾಡಿದವರನ್ನೇ ಕೇಳಿ.

ಪ್ರಶ್ನೆ: ಆರು ವಾರ ಆಯ್ತು. ತೋಳಿನ ಒಳಬದಿ ಜೋಮು ಹಿಡಿದಂತಿದೆ. ಕಂಕುಳಿಂದ ಮೊಣಕೈವರೆಗೆ ದಾರ ಬಿಗಿದ ಹಾಗೆ ಗೆರೆ ಎದ್ದಿದೆ. ತೆಗೆದುಹಾಕಿದ ಸ್ತನದಲ್ಲೇ ತುರಿಕೆ ಬಂದಂತಾಗುತ್ತದೆ. ಕನ್ನಡಿ ನೋಡಲು ಇನ್ನೂ ಮನಸ್ಸಾಗಿಲ್ಲ.

ಉತ್ತರ: ತುರಿಕೆ ನಿಮ್ಮ ಭ್ರಮೆಯಲ್ಲ. ಸ್ತನ ಹೋದರೂ ಅದರ ನರಗಳು ಮಿದುಳಿಗೆ ಸುದ್ದಿ ಕಳಿಸುತ್ತಲೇ ಇರುತ್ತವೆ. ತುಂಬಾ ಜನಕ್ಕೆ ಹೀಗಾಗುತ್ತದೆ. ತೋಳಿನ ಒಳಬದಿಯ ನರ ಕಂಕುಳಿನ ಮೂಲಕವೇ ಹೋಗುವುದರಿಂದ ಆಪರೇಷನ್‌ನಲ್ಲಿ ಅದಕ್ಕೆ ಪೆಟ್ಟು ಬೀಳುತ್ತದೆ. ಜೋಮು ತಿಂಗಳುಗಳಲ್ಲಿ ಕಡಿಮೆಯಾಗುತ್ತಾ ಹೋಗಬಹುದು, ಸ್ವಲ್ಪ ಭಾಗ ಹಾಗೇ ಉಳಿಯಲೂಬಹುದು. ಆ ಜಾಗಕ್ಕೆ ಬಿಸಿನೀರಿನ ಚೀಲ ಇಡಬೇಡಿ, ಸುಟ್ಟರೂ ಗೊತ್ತಾಗುವುದಿಲ್ಲ.

ದಾರದಂಥ ಗೆರೆ ಕ್ಯಾನ್ಸರ್ ಅಲ್ಲ. ಗ್ರಂಥಿ ತೆಗೆದವರಲ್ಲಿ ಆಪರೇಷನ್ ಆದ ಮೊದಲ ವಾರಗಳಲ್ಲೇ ಇದು ಕಾಣಿಸಿಕೊಳ್ಳುತ್ತದೆ. ಒಮ್ಮೆ ಫಿಸಿಯೋಥೆರಪಿಸ್ಟ್‌ಗೆ ತೋರಿಸಿ ಎಳೆಯುವ ವ್ಯಾಯಾಮ ಕಲಿಯಿರಿ. ನೋಯುತ್ತದೆ ಅಂತ ಕೈ ಮಡಚಿಟ್ಟುಕೊಂಡರೆ ಇನ್ನೂ ಬಿಗಿಯುತ್ತದೆ. ಕೈ ಭಾರವಾದರೆ, ಉಂಗುರವೋ ಗಡಿಯಾರವೋ ಬಿಗಿಯಾದರೆ ಅದು ಲಿಂಫೆಡಿಮಾ ಇರಬಹುದು. ತಡಮಾಡದೆ ಹೇಳಿ.

ಕನ್ನಡಿಗೆ ಗಡುವು ಇಲ್ಲ. ಮೊದಲು ಬಟ್ಟೆಯ ಮೇಲಿಂದ ಕೈಯಿಟ್ಟು ನೋಡಿ. ಆಮೇಲೆ ಸ್ನಾನ ಮಾಡುವಾಗ ತಲೆ ಬಗ್ಗಿಸಿ ನೋಡಿ. ಕೆಲವರಿಗೆ ಪಕ್ಕದಲ್ಲಿ ಒಬ್ಬರು ಬೇಕು, ಕೆಲವರಿಗೆ ಒಬ್ಬರೇ ಇರಬೇಕು. ಎರಡೂ ಸರಿ. ಹಗುರವಾದ ಬಟ್ಟೆಯ ಕೃತಕ ಸ್ತನವನ್ನು ಈಗಲೇ ಬ್ರಾ ಒಳಗೆ ಇಟ್ಟುಕೊಳ್ಳಬಹುದು. ಗಾಯ ಪೂರ್ತಿ ಮಾಗಿದ್ದರೆ ಸಿಲಿಕೋನ್‌ನದಕ್ಕೆ ಅಳತೆ ಕೊಡುವ ಸಮಯವೂ ಹೆಚ್ಚುಕಡಿಮೆ ಇದೇ. ಅದಕ್ಕೆ ತೂಕ ಇರುವುದರಿಂದ ಎರಡೂ ಬದಿ ಸಮವಾಗುತ್ತದೆ, ಭುಜ ಬೆನ್ನಿಗೆ ಹಿತ. ಏನನ್ನೂ ಹಾಕಿಕೊಳ್ಳದೆ ಇರುವುದೂ ನಿಮ್ಮಿಷ್ಟ. ಆದರೆ ಎರಡು ವಾರವಾದರೂ ನಿದ್ದೆ ಬಾರದಿದ್ದರೆ, ಯಾವುದರಲ್ಲೂ ಮನಸ್ಸು ನಿಲ್ಲದಿದ್ದರೆ, ಗಾಯದ ಬಗ್ಗೆ ಹೇಳುವಷ್ಟೇ ನೇರವಾಗಿ ಅದನ್ನೂ ಡಾಕ್ಟರಿಗೆ ಹೇಳಿ. ಅದಕ್ಕೂ ಚಿಕಿತ್ಸೆ ಇದೆ.