ಪೇಜೂ ಬೇಡ, ನೋಂದಣಿಯೂ ಬೇಡ, ಮೊದಲು ಟಪಾಲು ಶಾಖೆ ಎಲ್ಲಿದೆ ನೋಡಿ ಬನ್ನಿ

ಧಾರವಾಡದಲ್ಲಿ ಓದೋ ಒಂದಷ್ಟು ಗೆಳೆಯರು ಸೇರಿಕೊಂಡು ಹವಾಮಾನ, ಬಾಲ್ಯವಿವಾಹದಂಥ ಜಾಗತಿಕ ವಿಷಯಗಳಿಗೆ ದನಿ ಎತ್ತಬೇಕು ಅಂದುಕೊಂಡಿದ್ದೀರಿ. ಇನ್‌ಸ್ಟಾಗ್ರಾಮ್ ಪೇಜ್ ಮೊದಲೋ ಎನ್‌ಜಿಒ ನೋಂದಣಿ ಮೊದಲೋ ಅನ್ನೋದು ನಿಮ್ಮ ಪ್ರಶ್ನೆ. ನಿಮ್ಮ ವಯಸ್ಸಿನಲ್ಲಿ ನನ್ನ ತಲೆಯಲ್ಲೂ ಇದೇ ಇತ್ತು. ಈಗ ಕೇಳಿದರೆ ಎರಡೂ ಬೇಡ ಅಂತೀನಿ. ನಮ್ಮ ಕಡೆ ಹುಡುಗರ ಗುಂಪುಗಳು ಸೋಲೋದು ಪೇಜ್ ಇಲ್ಲದ್ದಕ್ಕಲ್ಲ, ಒಂದು ಕಾಗದಕ್ಕೆ. ಮನವಿ ಪತ್ರಕ್ಕೆ.

ಕಲಾಭವನದಿಂದ ಜಿಲ್ಲಾಧಿಕಾರಿ ಕಚೇರಿವರೆಗೆ ಮೆರವಣಿಗೆ ಹೋಗ್ತದೆ, ಘೋಷಣೆ ಜೋರಾಗಿರ್ತದೆ, ಗೇಟಿನ ಹತ್ತಿರ ಅಧಿಕಾರಿಯೊಬ್ಬರು ಬಂದು ಮನವಿ ತಗೊಳ್ತಾರೆ, ಫೋಟೊ ಆಗ್ತದೆ. "ಆತ್ರಿ, ಸರ್ಕಾರಕ್ಕ ಕಳಸ್ತೇವ್ರಿ" ಅಂತಾರೆ. ಎಲ್ಲರೂ ಖುಷಿಯಿಂದ ಮಿರ್ಚಿ-ಚಹಾಕ್ಕೆ ಹೋಗ್ತಾರೆ. ಆ ಕಾಗದದಲ್ಲಿ ಏನಿರ್ತದೆ ಗೊತ್ತಾ? "ವಿಷಯ: ಹವಾಮಾನ ತುರ್ತುಸ್ಥಿತಿ ಘೋಷಣೆ, ಪ್ಲಾಸ್ಟಿಕ್ ನಿಷೇಧ, ಕೆರೆಗಳ ರಕ್ಷಣೆ, ಬಾಲ್ಯವಿವಾಹ ತಡೆ ಹಾಗೂ ಇತರೆ ಬೇಡಿಕೆಗಳ ಕುರಿತು." ಕೆಳಗೆ ಹನ್ನೊಂದು ಬೇಡಿಕೆ.

ಇದನ್ನ ಸ್ವಲ್ಪ ಉದ್ದಕ್ಕೇ ಹೇಳ್ತೀನಿ, ಯಾಕಂದ್ರೆ ಕಚೇರಿಯ ಒಳಗೆ ಏನಾಗ್ತದೆ ಅಂತ ಹೊರಗೆ ನಿಂತವರಿಗೆ ಗೊತ್ತಿರಲ್ಲ. ಆ ಕಾಗದ ಟಪಾಲು ಶಾಖೆಗೆ, ಅಂದ್ರೆ ಕಚೇರಿಗೆ ಬಂದ ಕಾಗದಗಳನ್ನ ದಾಖಲಿಸಿ ಹಂಚೋ ಶಾಖೆಗೆ ಹೋಗ್ತದೆ. ಅಲ್ಲಿರುವ ಗುಮಾಸ್ತರು ಓದೋದು "ವಿಷಯ" ಅನ್ನೋ ಸಾಲು ಮಾತ್ರ, ಅದರಲ್ಲೂ ಮೊದಲ ತುಣುಕು. ಹವಾಮಾನ ಅಂತಿದೆಯಾ, ಆ ಶಾಖೆಗೆ ಗುರುತು ಹಾಕ್ತಾರೆ. ಆ ಶಾಖೆಯ ವಿಷಯ ನಿರ್ವಾಹಕರು ಒಂದು ಹೊದಿಕೆ ಪತ್ರ ಬರೀತಾರೆ: "ಮುಂದಿನ ಸೂಕ್ತ ಕ್ರಮಕ್ಕಾಗಿ ಲಗತ್ತಿಸಿ ಕಳುಹಿಸಿದೆ." ಕಾಗದ ಇನ್ನೊಂದು ಇಲಾಖೆಗೆ ಹೋಯ್ತು, ರಿಜಿಸ್ಟರ್‌ನಲ್ಲಿ ಎದುರಿಗೆ "ವಿಲೇವಾರಿ" ಅಂತ ಬಿತ್ತು. ಯಾರೂ ಸುಳ್ಳು ಹೇಳಿಲ್ಲ, ಯಾರೂ ಲಂಚ ತಿಂದಿಲ್ಲ. ವರ್ಗಾಯಿಸಿದರೆ ಅಲ್ಲಿಯ ಲೆಕ್ಕಕ್ಕೆ ಕೆಲಸ ಮುಗಿದ ಹಾಗೆ. ಉಳಿದ ಹತ್ತು ಬೇಡಿಕೆಗೆ ಯಾವ ಟೇಬಲ್ಲೂ ಇಲ್ಲ. ಗೇಟಿನಲ್ಲೇ ಕೊಟ್ಟು ಬಂದಿದ್ದರೆ ನಿಮ್ಮ ಕೈಲಿ ಸ್ವೀಕೃತಿಯೂ ಇಲ್ಲ, ಇನ್‌ವರ್ಡ್ ನಂಬರೂ (ಕಾಗದ ಒಳಬಂದಾಗ ರಿಜಿಸ್ಟರ್‌ನಲ್ಲಿ ಬೀಳೋ ಸಂಖ್ಯೆ) ಇಲ್ಲ. ಮೂರು ತಿಂಗಳ ಮೇಲೆ ಹೋಗಿ ಕೇಳಿದರೆ "ಯಾವ ಮನವಿ?" ಅಂತಾರೆ, ಅವರು ಹಾಗೆ ಕೇಳೋದರಲ್ಲಿ ತಪ್ಪಿಲ್ಲ. ಗುಂಪು ಒಡೆಯೋದು ಆಗಲೇ. "ಏನೂ ಆಗಲ್ಲ ಬಿಡ್ರಿ" ಅನ್ನೋ ಮಾತು ಒಮ್ಮೆ ಬಂತು ಅಂದ್ರೆ ಮುಂದಿನ ಸಭೆಗೆ ಅರ್ಧ ಜನ ಬರಲ್ಲ.

ಹಾಗಾಗಿ ಒಂದು ಕಾಗದಕ್ಕೆ ಒಂದೇ ವಿಷಯ, ಒಂದೇ ಹುದ್ದೆ, ಮಾಡಬೇಕಾದ ಕೆಲಸ ಒಂದೇ. "ಕೆರೆ ಉಳಿಸಿ" ಅಂತಲ್ಲ. "ಉಣಕಲ್ ಕೆರೆಗೆ ಒಳಚರಂಡಿ ನೀರು ಸೇರುವ ಜಾಗಗಳನ್ನು ಜಂಟಿ ಸ್ಥಳ ಪರಿಶೀಲನೆ ಮಾಡಿ, ವರದಿಯ ಪ್ರತಿಯನ್ನು 30 ದಿನದೊಳಗೆ ನಮಗೆ ಹಿಂಬರಹದ ಮೂಲಕ ನೀಡಿ" ಅಂತ ಬರೀರಿ. ಹಿಂಬರಹ ಅಂದ್ರೆ ಕಚೇರಿ ಕೊಡೋ ಲಿಖಿತ ಉತ್ತರ. ಕೆರೆ, ಕಸ, ಅಂತರಗಂಗೆ ಅಂದ್ರೆ ಪಾಲಿಕೆ ಆಯುಕ್ತರು. ನೀರಿನ ಮಾದರಿ, ಕಾರ್ಖಾನೆ ಹೊಗೆ ಅಂದ್ರೆ ಮಾಲಿನ್ಯ ನಿಯಂತ್ರಣ ಮಂಡಳಿಯ ಧಾರವಾಡ ಪ್ರಾದೇಶಿಕ ಕಚೇರಿ. ಕಪ್ಪತಗುಡ್ಡ 2019ರಿಂದ ವನ್ಯಜೀವಿ ಧಾಮ, ಅದರ ಮಾತು ಗದಗದ ಅರಣ್ಯ ಇಲಾಖೆಗೆ. ಎರಡು ಪ್ರತಿ ಒಯ್ಯಿರಿ. ಒಂದನ್ನ ಒಳಗೆ ಕೊಟ್ಟು, ಇನ್ನೊಂದರ ಮೇಲೆ ಸೀಲು, ತಾರೀಖು, ಇನ್‌ವರ್ಡ್ ನಂಬರ್ ಹಾಕಿಸಿಕೊಂಡೇ ಹೊರಗೆ ಬನ್ನಿ. ಸೀಲು ಮಸುಕಾಗಿದ್ದರೆ ನಂಬರನ್ನ ಪೆನ್ನಿನಲ್ಲಿ ಬರೆಸಿಕೊಳ್ಳಿ. ಆ ನಂಬರ್ ಇಲ್ಲದೆ ಮುಂದಿನ ಯಾವ ಕೆಲಸವೂ ನಡೆಯಲ್ಲ.

ಕೆರೆ, ಚರಂಡಿ ಅಂತ ಹೊರಟರೆ ಜಾಗತಿಕ ಬದಲಾವಣೆ ಎಲ್ಲಿ ಬಂತು ಅಂತ ಕೇಳ್ತೀರಿ. 2019ರಲ್ಲಿ ದಕ್ಷಿಣ ಪೆಸಿಫಿಕ್ ವಿಶ್ವವಿದ್ಯಾಲಯದ 27 ಕಾನೂನು ವಿದ್ಯಾರ್ಥಿಗಳು ಒಂದು ಗುಂಪು ಕಟ್ಟಿದರು. ಅವರ ದ್ವೀಪಗಳು ಸಮುದ್ರಕ್ಕೆ ಹೋಗುತ್ತಿದ್ದವು, ಬೇಡಿಕೆಗೆ ಬರ ಇರಲಿಲ್ಲ. ಆದರೆ ಅವರು ಹಿಡಿದದ್ದು ಒಂದೇ: ಹವಾಮಾನ ಬದಲಾವಣೆಯ ವಿಷಯದಲ್ಲಿ ದೇಶಗಳಿಗೆ ಕಾನೂನಿನ ಹೊಣೆ ಏನು ಅಂತ ಅಂತರರಾಷ್ಟ್ರೀಯ ನ್ಯಾಯಾಲಯ ಅಭಿಪ್ರಾಯ ಹೇಳಬೇಕು. ಆ ನ್ಯಾಯಾಲಯವನ್ನು ವಿದ್ಯಾರ್ಥಿಗಳು ನೇರವಾಗಿ ಕೇಳೋಕೆ ಬರಲ್ಲ, ವಿಶ್ವಸಂಸ್ಥೆಯ ಸಾಮಾನ್ಯ ಸಭೆ ಕೇಳಬಹುದು. ಸಾಮಾನ್ಯ ಸಭೆಯಲ್ಲಿ ನಿರ್ಣಯ ತರೋಕೆ ಒಂದು ಸರ್ಕಾರ ಬೇಕು. ಹಾಗಾಗಿ ಮೊದಲು ಪೆಸಿಫಿಕ್‌ನ ದ್ವೀಪದೇಶ ವನುವಾಟುವಿನ ಸರ್ಕಾರವನ್ನು ಒಪ್ಪಿಸಿದರು. 2023ರ ಮಾರ್ಚ್ 29ರಂದು ಸಾಮಾನ್ಯ ಸಭೆಯಲ್ಲಿ ಆ ನಿರ್ಣಯ ಮತಕ್ಕೆ ಹಾಕದೆ ಒಮ್ಮತದಿಂದ ಪಾಸಾಯ್ತು, 2025ರ ಜುಲೈ 23ರಂದು ಹೇಗ್‌ನಲ್ಲಿ ಅಭಿಪ್ರಾಯ ಹೊರಬಿತ್ತು: ಹವಾಮಾನ ಕಾಪಾಡುವ ಹೊಣೆ ದೇಶಗಳಿಗೆ ಕಾನೂನಿನ ಪ್ರಕಾರವೇ ಇದೆ. ಆರು ವರ್ಷ. ಯಾವ ಬಾಗಿಲು ಯಾರು ತಟ್ಟಿದರೆ ತೆರೀತದೆ ಅಂತ ಮೊದಲು ನೋಡಿಕೊಂಡದ್ದೇ ಅವರ ಜಾಣತನ.

ಅಷ್ಟು ದೂರ ಬೇಡ ಅಂದ್ರೆ ಕುಸನೂರಿಗೆ ಬನ್ನಿ, ಈಗಿನ ಹಾವೇರಿ ಜಿಲ್ಲೆ, ಆಗ ಧಾರವಾಡದ್ದು. 1984ರಲ್ಲಿ ರಾಜ್ಯ ಸರ್ಕಾರ ಮತ್ತು ಮರದ ತಿರುಳಿನ ಕಾರ್ಖಾನೆ ಹರಿಹರ ಪಾಲಿಫೈಬರ್ಸ್ ಸೇರಿ ಕರ್ನಾಟಕ ಪಲ್ಪ್‌ವುಡ್ ಅನ್ನೋ ಕಂಪನಿ ಮಾಡಿ, ಸುಮಾರು 30,000 ಹೆಕ್ಟೇರ್ ಸಾರ್ವಜನಿಕ ಭೂಮಿಯಲ್ಲಿ ನೀಲಗಿರಿ ಬೆಳೆಯೋಕೆ ಹೊರಟವು. ದನ ಮೇಯೋ ಜಾಗ, ಉರುವಲು ತರೋ ಜಾಗ ಅದು. ಸಮಾಜ ಪರಿವರ್ತನ ಸಮುದಾಯ ಅನ್ನೋ ಸಂಘಟನೆ ಮತ್ತು ಹಳ್ಳಿಯವರು 1987ರ ನವೆಂಬರ್ 14ರಂದು ಕಿತ್ತಿಕೋ-ಹಚ್ಚಿಕೋ ಸತ್ಯಾಗ್ರಹ ಮಾಡಿದರು. ನೀಲಗಿರಿ ಸಸಿ ಕೀಳೋದು, ಆ ಜಾಗದಲ್ಲಿ ಊರಿಗೆ ಉಪಯೋಗದ ಗಿಡ ಹಚ್ಚೋದು. ಚಳವಳಿಯ ಹೆಸರಲ್ಲೇ ಬೇಡಿಕೆ ಇತ್ತು, ಪರ್ಯಾಯವೂ ಇತ್ತು. ಜೊತೆಜೊತೆಗೇ ಸುಪ್ರೀಂ ಕೋರ್ಟಿನಲ್ಲಿ ಅರ್ಜಿಯೂ ನಡೀತಿತ್ತು, ಅರ್ಜಿದಾರರಲ್ಲಿ ಶಿವರಾಮ ಕಾರಂತರಿದ್ದರು. 1991ರಲ್ಲಿ ಕಂಪನಿ ಮುಚ್ಚಿತು. ಅವತ್ತು ನೀಲಗಿರಿ ನೆಡುತೋಪಿನ ವಿರುದ್ಧ ಹೋರಾಟ ಜಗತ್ತಿನ ಬೇರೆ ಕಡೆಗಳಲ್ಲೂ ಇತ್ತು, ಕುಸನೂರಿನವರು ಅದಕ್ಕೆ ಪೇಜ್ ಮಾಡಿಕೊಂಡು ಸೇರಿಲ್ಲ.

ಈಗ ಕೈಕೆಲಸ. 30 ದಿನದಲ್ಲಿ ಹಿಂಬರಹ ಬರದಿದ್ದರೆ ಮಾಹಿತಿ ಹಕ್ಕು (ಆರ್‌ಟಿಐ) ಅರ್ಜಿ. ಶುಲ್ಕ 10 ರೂಪಾಯಿ, ಪೋಸ್ಟಲ್ ಆರ್ಡರ್ ಸಾಕು. ಕರ್ನಾಟಕದ ನಿಯಮದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, 150 ಪದದ ಮಿತಿ. ಹುಡುಗರು ಎಡವೋದು ಇಲ್ಲಿ: "ಯಾಕೆ ಕ್ರಮ ಕೈಗೊಂಡಿಲ್ಲ?" ಅಂತ ಬರೀತಾರೆ. "ಯಾಕೆ" ಅನ್ನೋದಕ್ಕೆ ಉತ್ತರ ಕೊಡಬೇಕಾಗಿಲ್ಲ, ಕಡತದಲ್ಲಿ ಇರೋದನ್ನ ಮಾತ್ರ ಕೊಡಬೇಕು. "ಇನ್‌ವರ್ಡ್ ಸಂಖ್ಯೆ ಇಂತಿಷ್ಟು, ದಿನಾಂಕ ಇಂಥದ್ದು, ಈ ಮನವಿಯ ಮೇಲೆ ಇದುವರೆಗೆ ಬರೆದ ಟಿಪ್ಪಣಿ ಹಾಳೆ ಮತ್ತು ಪತ್ರ ವ್ಯವಹಾರದ ದೃಢೀಕೃತ ಪ್ರತಿ" ಅಂತ ಕೇಳಿ. ಹಾಳೆಗೆ 2 ರೂಪಾಯಿ. 30 ದಿನದಲ್ಲಿ ಕೊಡದಿದ್ದರೆ ಅದೇ ಕಚೇರಿಯ ಮೇಲ್ಮನವಿ ಅಧಿಕಾರಿಗೆ ಮತ್ತೆ 30 ದಿನದೊಳಗೆ ಮೊದಲ ಮೇಲ್ಮನವಿ, ಅಲ್ಲೂ ಆಗದಿದ್ದರೆ 90 ದಿನದೊಳಗೆ ಮಾಹಿತಿ ಆಯೋಗ. ಟಿಪ್ಪಣಿ ಹಾಳೆ ಕೈಗೆ ಬಂದ ದಿನ ನಿಮ್ಮ ಮನವಿ ಯಾರ ಟೇಬಲ್ಲಿನಲ್ಲಿ ಮಲಗಿದೆ ಅಂತ ಗೊತ್ತಾಗ್ತದೆ. ಬೀದಿಗಿಳಿಯೋದು ಅದಾದ ಮೇಲೆ.

ಹುಬ್ಬಳ್ಳಿ-ಧಾರವಾಡದಲ್ಲಿ ಮೆರವಣಿಗೆಗೆ ಪೊಲೀಸ್ ಆಯುಕ್ತರ ಹೆಸರಿಗೆ ಅರ್ಜಿ, ಸ್ಥಳೀಯ ಠಾಣೆಯ ಮೂಲಕ. ಒಂದು ವಾರ ಮೊದಲೇ ಕೊಡಿ. ಮಾರ್ಗ, ಶುರುವಾಗೋ ಮತ್ತು ಮುಗಿಯೋ ಹೊತ್ತು, ಅಂದಾಜು ಜನ, ಇಬ್ಬರ ಫೋನ್ ನಂಬರ್, ಧ್ವನಿವರ್ಧಕ ಇದೆಯೋ ಇಲ್ಲವೋ, ಎಲ್ಲ ಅದರಲ್ಲಿರಲಿ. ಮೈಕಿಗೆ ಬೇರೆಯೇ ಅನುಮತಿ ಬೇಕು. ನಿಷೇಧಾಜ್ಞೆ ಇದೆಯಾ ಅಂತ ಹಿಂದಿನ ದಿನ ಸಂಜೆ ಮತ್ತೆ ಕೇಳಿ. ಮೊದಲು 144ನೇ ಸೆಕ್ಷನ್ ಅಂತಿದ್ದೆವು, ಈಗ ಅದು ಹೊಸ ಅಪರಾಧ ಪ್ರಕ್ರಿಯೆ ಕಾನೂನಾದ ಬಿಎನ್‌ಎಸ್‌ಎಸ್‌ನ 163. ಬ್ಯಾನರ್ ಬಟ್ಟೆಯದಿರಲಿ. ಹವಾಮಾನದ ಮೆರವಣಿಗೆಗೆ ಫ್ಲೆಕ್ಸ್ ಹಿಡಿದು ಬಂದವರ ಫೋಟೊವನ್ನ ಯಾವ ವರದಿಗಾರನೂ ಬಿಡಲ್ಲ. ಪತ್ರಿಕಾ ಪ್ರಕಟಣೆ ಒಂದೇ ಪುಟ, ಯೂನಿಕೋಡ್‌ನಲ್ಲಿ, ಸಂಜೆ ನಾಲ್ಕರೊಳಗೆ.

ಬಾಲ್ಯವಿವಾಹದ ಕೆಲಸ ಬೇರೆಯೇ ಜಾತಿಯದು. ವಿಶ್ವಸಂಸ್ಥೆಯ ಸುಸ್ಥಿರ ಗುರಿಗಳಲ್ಲಿ 5.3 ಅಂದ್ರೆ ಇದೇ. ಇಲ್ಲಿ ಮೆರವಣಿಗೆಗಿಂತ ಮಾಹಿತಿ ಮುಖ್ಯ. ಬಸವ ಜಯಂತಿ, ಅಕ್ಷಯ ತೃತೀಯದ ಹೊತ್ತಿಗೆ ಸಾಮೂಹಿಕ ವಿವಾಹಗಳು ಜಾಸ್ತಿ. ಸುದ್ದಿ ಸಿಕ್ಕರೆ ಹುಡುಗಿಯ ಊರು, ಮದುವೆ ಜಾಗ, ತಾರೀಖು, ಸಿಕ್ಕರೆ ಲಗ್ನಪತ್ರಿಕೆಯ ಫೋಟೊ, ಇಷ್ಟನ್ನ ಮಕ್ಕಳ ಸಹಾಯವಾಣಿ 1098ಕ್ಕೂ ಶಿಶು ಅಭಿವೃದ್ಧಿ ಯೋಜನಾಧಿಕಾರಿಗೂ (ಸಿಡಿಪಿಒ) ಕೊಡಿ. ವಯಸ್ಸಿನ ದಾಖಲೆ ಶಾಲೆಯ ದಾಖಲಾತಿ ರಿಜಿಸ್ಟರ್‌ನಲ್ಲಿರ್ತದೆ, ಅದನ್ನ ಅಧಿಕಾರಿಗಳೇ ತರಿಸಿಕೊಳ್ತಾರೆ. ನೀವು ಮಂಟಪಕ್ಕೆ ನುಗ್ಗಬೇಡಿ. ಹುಡುಗಿಯ ಹೆಸರು, ಮುಖ, ಊರು ಯಾವುದನ್ನೂ ಪೋಸ್ಟ್ ಮಾಡಬೇಡಿ. ಬಾಲನ್ಯಾಯ ಕಾಯ್ದೆಯ 74ನೇ ಕಲಂ ಪ್ರಕಾರ ಅದಕ್ಕೆ ಆರು ತಿಂಗಳವರೆಗೆ ಜೈಲು ಅಥವಾ 2 ಲಕ್ಷದವರೆಗೆ ದಂಡ, ಎರಡೂ ಆಗಬಹುದು. ಹಳ್ಳಿಯಲ್ಲಿ ತಮ್ಮ-ತಂಗಿಯರಿದ್ದರೆ ಮಕ್ಕಳ ಗ್ರಾಮಸಭೆಗೆ ಕಳಿಸಿ. 2006ರಿಂದ ರಾಜ್ಯ ಸರ್ಕಾರದ ಸುತ್ತೋಲೆಯಿದೆ, ಪ್ರತಿ ಗ್ರಾಮ ಪಂಚಾಯಿತಿ ವರ್ಷಕ್ಕೊಮ್ಮೆ ಮಾಡಬೇಕು. ಅಲ್ಲಿ ಮಕ್ಕಳು ಎದ್ದು ಹೇಳಿದ್ದು ನಡಾವಳಿ ಪುಸ್ತಕಕ್ಕೆ ಏರಿದರೆ ಪಂಚಾಯಿತಿ ಅಭಿವೃದ್ಧಿ ಅಧಿಕಾರಿ (ಪಿಡಿಒ) ಉತ್ತರ ಕೊಡಲೇಬೇಕಾಗ್ತದೆ. ಏರಿದೆಯಾ ಅಂತ ಮರುದಿನ ಹೋಗಿ ನೋಡಿ. ಸಭೆಯಲ್ಲಿ ಚಪ್ಪಾಳೆ ಹೊಡೆದು ಪುಸ್ತಕದಲ್ಲಿ "ವಿವಿಧ ವಿಷಯ ಚರ್ಚಿಸಲಾಯಿತು" ಅಂತ ಬರೆದು ಮುಗಿಸೋದು ಮಾಮೂಲು.

ನೋಂದಣಿ ವಿಷಯ. ಕರ್ನಾಟಕದ ಸಂಘಗಳ ನೋಂದಣಿ ಕಾಯ್ದೆಯಲ್ಲಿ ಕನಿಷ್ಠ ಏಳು ಜನ ಬೇಕು, ಆಮೇಲೆ ಪ್ರತಿ ವರ್ಷ ಸಭೆ, ಲೆಕ್ಕ, ಪಟ್ಟಿ ಸಲ್ಲಿಸಬೇಕು. ಓದೋ ಹುಡುಗರಿಗೆ ಅದೊಂದು ಕುತ್ತಿಗೆಗೆ ಕಟ್ಟಿದ ಗುಂಡು. ಮನವಿ ಕೊಡೋಕೆ, ಆರ್‌ಟಿಐ ಹಾಕೋಕೆ ನೋಂದಣಿ ಬೇಕಾಗಿಲ್ಲ, ಆರ್‌ಟಿಐ ಅಂತೂ ವ್ಯಕ್ತಿಯ ಹೆಸರಿನಲ್ಲೇ ಹಾಕೋದು ಸರಿ. ಒಂದು ಎಚ್ಚರಿಕೆ: ಹೊರದೇಶದ ಯಾವುದೋ ಗುಂಪು "ನಿಮ್ಮ ಕೆಲಸಕ್ಕೆ ಸ್ವಲ್ಪ ದುಡ್ಡು ಕಳಿಸ್ತೀವಿ" ಅಂದರೆ ಯಾರದೋ ಸ್ವಂತ ಖಾತೆಗೆ ಹಾಕಿಸಿಕೊಳ್ಳಬೇಡಿ. ಅದಕ್ಕೆ ವಿದೇಶಿ ದೇಣಿಗೆ ಕಾಯ್ದೆಯ (ಎಫ್‌ಸಿಆರ್‌ಎ) ಅನುಮತಿ ಬೇಕು, ನಿಮಗದು ಸದ್ಯಕ್ಕೆ ಸಿಗಲ್ಲ. ಅವರಿಂದ ದುಡ್ಡಿನ ಬದಲು ಅವರು ಕೊಟ್ಟ ಮನವಿಗಳ ನಕಲು ಕೇಳಿ, ಅದು ಉಪಯೋಗಕ್ಕೆ ಬರ್ತದೆ.

ಪೇಜ್ ಮಾಡಲೇಬೇಕು ಅಂದ್ರೆ ಮೊದಲ ಹಿಂಬರಹ ಬಂದ ಮೇಲೆ ಮಾಡಿ, ಆಗ ಹಾಕೋಕೆ ಏನಾದರೂ ಇರ್ತದೆ. ಎಲ್ಲ ಸ್ವೀಕೃತಿಗಳೂ ಒಂದೇ ಬಾಕ್ಸ್ ಫೈಲಿನಲ್ಲಿರಲಿ, ಇನ್‌ವರ್ಡ್ ನಂಬರ್ ಮತ್ತು ಮುಂದಿನ ಗಡುವು ಬರೆದ ಒಂದು ನೋಟ್‌ಬುಕ್ ಜೊತೆಗಿರಲಿ. ಅದು ಕೊನೆ ವರ್ಷದವರ ಕೈಲಿ ಬೇಡ, ಮೊದಲ ವರ್ಷದವರ ಕೈಗೆ ಕೊಡಿ. ಪರೀಕ್ಷೆ ಮುಗಿಸಿ ಊರಿಗೆ ಹೋದವರ ರೂಮಿನಲ್ಲಿ ಸಿಕ್ಕಿಕೊಂಡ ಫೈಲಿನ ಮೇಲ್ಮನವಿ ಗಡುವು ಯಾರಿಗೂ ಕಾಯಲ್ಲ.